ಏಡಿ ಇರುವಷ್ಟು ಹೊತ್ತು

ಮೀನಂಗಡಿಯ ಸಾಲಿನಲ್ಲಿ ನನ್ನ ಮುಂದಿದ್ದ ಓರಗಿತ್ತಿಯರಿಬ್ಬರು ನೀಲಿ ಏಡಿಗಳ ಬುಟ್ಟಿಗೆ ಬಗ್ಗಿದ್ದರು.

“ಅಕ್ಕಾ, ಇವತ್ತೂ ಏಡೀನೇನಾ?”

“ಮತ್ತಿನ್ನೇನು? ಅಣ್ಣತಮ್ಮ ಮನೆ ಪಾಲಿನ ಮಾತಿಗೆ ಕೂರ್ತಾರಲ್ಲ. ಒಂದ್ಸಲ ಮೀನು ಮಾಡಿದ್ದೆ. ಹತ್ತೇ ನಿಮಿಷಕ್ಕೆ ತಿಂದು ಮುಗಿಸಿ ಜಗಳಕ್ಕೆ ನಿಂತ್ರು.”

“ಏಡಿ ಆದ್ರೆ ಚಿಪ್ಪು ಬಿಡಿಸಿ ತಿನ್ನೋಕೇ ಎರಡು ಗಂಟೆ. ಕೈಗೂ ಬಿಡುವಿಲ್ಲ, ಬಾಯಿಗೂ ಬಿಡುವಿಲ್ಲ. ಆಮೇಲೆ ನಿದ್ದೆ.”

“ಆ ಸಿಹಿ ಮಾಂಸ ನಾಲಿಗೆಗೆ ತಾಗಿದ್ರೆ ನಿಮ್ ಭಾವ ಮನೇನೇ ಮರೀತಾರೆ.”

“ನಮ್ಮೋರು ಈಗೀಗ ಬೇಗ ಬೇಗ ತಿನ್ನೋದು ಕಲ್ತಿದ್ದಾರೆ ಅಕ್ಕಾ.”

“ಹಂಗಾದ್ರೆ ಚಿಕ್ಕ ಚಿಕ್ಕದು ಆರಿಸು.”

ಅಂಗಡಿಯವನು ತೂಗುತ್ತಾ ಕೇಳಿದ: “ಅಮ್ಮಾ, ಕಾಲು ಜಜ್ಜಿ ಕೊಡ್ಲಾ? ತಿನ್ನೋಕೆ ಸುಲಭ.”

“ಅಯ್ಯೋ, ಬೇಡ!” ಎಂದು ಇಬ್ಬರೂ ಒಟ್ಟಿಗೇ ಕೂಗಿ, ಚೀಲ ಕಿತ್ತುಕೊಂಡು ಹೊರಟೇಬಿಟ್ಟರು.