ಸಾಕು ಅನ್ನೋಳು

“ಸಾಕು, ಹಾಕು!” ಅಂದ್ಲು ನಿನ್ನಕ್ಕ. ಅದೇ ಕಡೇ ಮಾತು. ನಗು ಹಾಲ್ವರ್, ನಗು! ನಾನೂ ನಗ್ತಿದೀನಲ್ಲ. ಹೋಗೋ ಹೊತ್ತಿಗೆ ಬೇರೆ ಹೆಂಗಸರು ಗಂಡನಿಗೆ ಏನೇನೋ ಹೇಳ್ತಾರಂತೆ. ನಮ್ಮ ಇಂಗ್ರಿಡ್ ನಂಗೆ ಹೇಳಿದ್ದು ಬಂದೂಕಿನ ತೋಟಾನ ನೀರಿಗೆ ಹಾಕು ಅಂತ!

ಇಗೋ, ಇದೇ ಸ್ಟೂಲು. ಕೂತ್ಕೋ. ಗ್ಯಾರೇಜಿನ ಕಿಟಕಿಗೆ ಕಂಬಳಿ ಕಟ್ಟಿ ಕತ್ತಲೆ ಮಾಡ್ಕೊಂಡು ಇಲ್ಲಿ ಕೂರೋಳು. ನಾನು ಖಾಲಿ ತೋಟಾನ ಡ್ರಿಲ್ಲಿಗೆ ಸಿಕ್ಕಿಸಿ ಗ್ಯಾಸಿನ ಉರೀಲಿ ತಿರುಗಿಸೋದು. ಹಾರಿಸಿ ಹಾರಿಸಿ ಹಿತ್ತಾಳೆ ಗಡುಸಾಗಿರುತ್ತಲ್ಲ, ಮತ್ತೆ ಗುಂಡು ಕೂರಿಸ್ಬೇಕಂದ್ರೆ ಬಾಯಿ ಹತ್ರದ ಕತ್ತು ಮೆತ್ತಗಾಗ್ಬೇಕು. ಕತ್ತು ಮಾತ್ರ! ಬಿಸಿ ತಳಕ್ಕಿಳೀತೋ, ಮುಗೀತು. ಬಂದೂಕಲ್ಲೇ ಒಡೆದು ಮುಖ ಹಾರಿಸುತ್ತೆ. ಕತ್ತಿಗೆ ಸಣ್ಣಗೆ ಕೆಂಪು ಹತ್ತಿದ ತಕ್ಷಣ ಅವಳು ಸಾಕು ಅನ್ನೋಳು. ಚುಂಯ್! ನೀರಿಗೆ.

ನನ್ನ ಕಣ್ಣಿಗೆ ಕೆಂಪು ಎಲ್ಲಿ ಕಾಣ್ಬೇಕು? ...ಹ್ಞಾ, ಬಂತು! ಆ ಕಥೆ ತೆಗೀದೆ ಬಿಡ್ತೀಯಾ ನೀನು! ಹೌದಪ್ಪಾ, ಎಲ್ಕ್ ಜಿಂಕೆಗೆ ಗುಂಡು ಹೊಡೆದೆ, ಹುಲ್ಲಿನ ಮೇಲಿನ ರಕ್ತ ಕಾಣ್ದೆ ಗುಡ್ಡದ ಆ ಕಡೆ ಹುಡುಕ್ಕೊಂಡು ಹೋದೆ. ನಿನ್ನಕ್ಕ ಈ ಕಡೆ ಅದರ ಪಕ್ಕದಲ್ಲೇ ಕೂತು ಸ್ಯಾಂಡ್‌ವಿಚ್ ತಿಂತಿದ್ಲು! “ಆರ್ವಿಡ್, ರಕ್ತ ತುಳಿದುಕೊಂಡೇ ರಕ್ತ ಎಲ್ಲಿ ಅಂತ ಕೇಳೋನು ಇಡೀ ಮೊಂಟಾನಾದಲ್ಲಿ ನೀನೊಬ್ಬನೇ” ಅಂದ್ಲು. ಅಯ್ಯೋ, ಹೊಟ್ಟೆ ನೋವು ಬಂತು ನಗ್ತಾ...

ತಗೋ. ನಾಳೆ ಬೇಟೆ ಶುರು. ಈ ಹಸಿರು ಪೆಟ್ಟಿಗೆ ನಿಂದು. ಹಸಿರೇ ತಾನೆ? ಇಲ್ಲಾ ಕಂದು ಬಣ್ಣಾನಾ? ಹೋಗ್ಲಿ ಬಿಡು! ಇವೆಲ್ಲ ಅವಳು ಸಾಕು ಅಂದವು. ಮದ್ದು ತುಂಬಿ ಗುಂಡು ಕೂರಿಸಿದೀನಿ. ...ಸಾಲ್ದಾ? ಒಂದು ಎಲ್ಕ್‌ಗೆ ಎಷ್ಟು ಬೇಕೋ ನಿಂಗೆ? ಯುದ್ಧಕ್ಕೆ ಹೊರಟಿದೀಯಾ?

ಆ ಕಾಫಿ ಡಬ್ಬ ಬೇಡ. ಅವು ಖಾಲಿ. ನೀನೇ ತುಂಬ್ಕೋತೀಯಾ? ಓಹೋಹೋ, ದೊಡ್ಡ ಮನುಷ್ಯ! ಮೊದ್ಲು ಪೈ ತಿನ್ನು ಬಾ. ಚರ್ಚಿನ ಹೆಂಗಸರು ತಂದು ಸುರೀತಿದಾರೆ. ಸತ್ತೋಳು ಒಬ್ಬಳು, ಪೈ ಊರಿಗೆಲ್ಲಾ ಆಗೋಷ್ಟು! ...ಡಬ್ಬ ಇಡು ಹಾಲ್ವರ್.

ಕಿಟಕಿ ಹತ್ರ ಯಾಕೆ ಹೋದೆ? ಕಂಬಳಿ ಯಾಕೆ ಸರಿಸ್ತಿದೀಯಾ?

ನಗು ಎಲ್ಲಿ ಹೋಯ್ತೋ?

ಆ ತೋಟಾ ತಳದವರೆಗೂ ಬಣ್ಣ ತಿರುಗಿದೆ, ಅಲ್ವಾ. ನಂಗೆ ಕಾಣಲ್ಲ. ಗೊತ್ತು, ಅಷ್ಟೇ. ಇನ್ನೊಂದು ತೆಗೆದು ನೋಡ್ಬೇಡ. ಎಲ್ಲಾ ಹಂಗೇ. ಅದಕ್ಕೇ ಬೇಡ ಅಂದಿದ್ದು. ಬಿಸಾಕಕ್ಕೆ ಕೈ ಬರ್ಲಿಲ್ಲ.

ಬೈಯೋ. ಹಿಂಗೆ ನೋಡ್ಬೇಡ...

ಅವತ್ತು ಸಾಕು ಅಂದೋಳು ಎದ್ದು ಒಳಗೆ ಹೋದ್ಲು. ಕಾಫಿ ಇಡಕ್ಕೆ ಅಂದ್ಕೊಂಡೆ. ಅಡುಗೆಮನೇಲಿ ಬಿದ್ದಿದ್ಲು. ಉಳಿದ ತೋಟಾ ಇಲ್ಲೇ ಮೇಜಿನ ಮೇಲೆ ಹಂಗೇ ಇದ್ವು.

ಮರುದಿನ ಬೆಳಿಗ್ಗೆ ಆಸ್ಪತ್ರೆಯಿಂದ ಬಂದೆ. ಕೋಟೂ ಬಿಚ್ಚಲಿಲ್ಲ. ಕಂಬಳಿ ಕಟ್ಟಿದೆ. ಸ್ಟೂಲು ಹತ್ರಕ್ಕೆ ಎಳೆದೆ. ಉರಿ ಹಚ್ಚಿ ಒಂದೊಂದೇ ಹಿಡಿದೆ, ಅವಳು ಸಾಕು ಅನ್ನೋವರೆಗೆ ಅಂತ...

ಹಿಡಿದೇ ಇದ್ದೆ.