ಮುನಿರಾಜನಿಗೊಂದು ಎಡೆ

ಮಹಾಲಯ ಅಮಾವಾಸ್ಯೆಯ ಹಿಂದಿನ ದಿನ. ಟಿನ್ ಫ್ಯಾಕ್ಟರಿ ಬಸ್‌ಸ್ಟಾಪಿನಲ್ಲಿ ಬಾಳೆಎಲೆ ಕಟ್ಟು ಹಿಡಿದು ತಾಯಿ, ಮಗಳು ನನ್ನ ಪಕ್ಕದಲ್ಲೇ ನಿಂತಿದ್ದರು.

“ಒಂದೆಲೆ ಜಾಸ್ತಿ ಯಾಕೆ ತಗೊಂಡೆ, ಹಂಸ?”

“ಮುನಿರಾಜಂಗೂ ಎಡೆ ಇಡ್ತೀನಮ್ಮ.”

“ನಿಶ್ಚಿತಾರ್ಥ ಮುರಿದು ನಮ್ಮ ಮಾನ ಕಳೆದೋನಿಗಾ? ಏಡ್ಸ್ ಬಂದು ಸತ್ತೋನಿಗಾ?”

“ಮದುವೆಗೆ ಮುಂಚೆನೇ ಅವನಿಗೆ ಕಾಯಿಲೆ ಗೊತ್ತಾಗಿತ್ತು. ಮುಚ್ಚಿಡು ಅಂದ್ರಂತೆ ಅವರ ಮನೇಲಿ. ಅವನು ನನ್ಹತ್ರ ಬಂದು ಹೇಳ್ಬಿಟ್ಟ.”

“ನಂಗ್ಯಾಕೆ ಹೇಳ್ಲಿಲ್ಲ?”

“ನೀನು ಊರಿಗೆಲ್ಲ ಹೇಳ್ತಿದ್ದೆ.”

“ಅವನ ಬಾಗಿಲಿಗೆ ಹೋಗಿ ನಾನು ಮಣ್ಣು ತೂರಿ ಶಾಪ ಹಾಕ್ಬಿಟ್ನಲ್ಲೇ!”

“ಆಗ್ಲೂ ಬಾಯ್ಬಿಡದೆ ನಿಂತಿದ್ದ. ನಾನು, ನನ್ ಮಗು ಇವತ್ತು ಚೆನ್ನಾಗಿದ್ರೆ ಅವನಿಂದಮ್ಮ.”

ಬಸ್ಸು ಬಂತು. ತಾಯಿ ಎಲೆಕಟ್ಟನ್ನು ಮಗಳ ಕೈಯಿಂದ ತೆಗೆದುಕೊಂಡು ಮೆಟ್ಟಿಲು ಹತ್ತುತ್ತಾ ಕೇಳಿದಳು:

“ತಿನ್ನೋಕೆ ಅವನಿಗೇನು ಇಷ್ಟ ಇತ್ತೇ?”