ಬಿಳಿ ಕಾರಿನ ಮೇಲಿನ ಹಳದಿ ಗುರುತು

ತಾಯಂದಿರೇ, ಮಹನೀಯರೇ, ಇಷ್ಟು ಹೊತ್ತು ಗಮನ ಅಂದರೆ ಏನು ಅಂತ ಹೇಳಿದೆ. ಹಿಂದಿನ ಸಾಲಿನಲ್ಲಿ ಇಬ್ಬರು ಮೂವರು ತೂಕಡಿಸುತ್ತಿದ್ದೀರಿ. ತಪ್ಪು ನನ್ನದೇ. ಈಗ ಒಂದು ಕಥೆ ಕೇಳಿ.

ಒಂದು ಊರು. ಆ ಊರಲ್ಲಿ ಒಬ್ಬ ಸಿರಿವಂತ. ಯಾವ ಊರು ಅಂತ ಕೇಳಬೇಡಿ. ಹೇಳಿದರೆ ನಾಳೆಯೇ ಅವನ ಮನೆ ನೋಡಲು ಹೊರಡುವ ಜನ ನೀವು. ಅವನ ಹತ್ತಿರ ಒಂದು ಬಿಳಿ ಕಾರಿತ್ತು. ಮನೆಯಲ್ಲಿ ಕೆಲಸದವರಿದ್ದರು, ಆದರೆ ಆ ಕಾರಿಗೆ ಮಾತ್ರ ಬೇರೆಯವರ ಕೈ ತಾಗುವ ಹಾಗಿರಲಿಲ್ಲ. ದಿನಾ ಬೆಳಿಗ್ಗೆ ಪಂಚೆ ಎತ್ತಿ ಕಟ್ಟಿ ತಾನೇ ತೊಳೆಯುತ್ತಿದ್ದ.

ಹೇಗೆ ತೊಳೆಯುತ್ತಿದ್ದ, ನೋಡಿ. ಎರಡು ಬಕೆಟ್. ಒಂದರಲ್ಲಿ ಸೋಪಿನ ನೀರು, ಇನ್ನೊಂದು ಬಟ್ಟೆ ಜಾಲಾಡುವುದಕ್ಕೆ. ಮೊದಲು ನೀರು ಹಾಯಿಸಿ ಧೂಳು ಇಳಿಸಬೇಕು. ಒಣ ಧೂಳಿನ ಮೇಲೆ ಬಟ್ಟೆ ಎಳೆದರೆ ಗೀರು ಬೀಳುತ್ತದೆ. ಚಕ್ರಕ್ಕೆ ಬೇರೆ ಬಟ್ಟೆ. ಸಂದಿಗೊಂದಿಗೆ ಹಳೆಯ ಹಲ್ಲುಜ್ಜುವ ಬ್ರಷ್. ಆ ಕಾರಿನ ಮೈಮೇಲೆ ಎಲ್ಲೆಲ್ಲಿ ಗೀರಿದೆ, ಯಾವ ವರ್ಷದ್ದು, ಯಾರ ಸ್ಕೂಟರ್ ತಾಗಿದ್ದು, ಎಲ್ಲ ಅವನಿಗೆ ಬಾಯಿಪಾಠ.

ಆ ಕಾರು ನಿಲ್ಲಲು ಜಾಗ ಬೇಕು ಅಂತ ಮನೆ ಮುಂದಿನ ಒಂದು ಮೋಟುಗೋಡೆಯನ್ನೂ ಕೆಡವಿಸಿದ್ದ. ಬಾಗಿಲ ಮೆಟ್ಟಿಲಿನಿಂದ ಗೇಟಿನ ತನಕ ಸೊಂಟದೆತ್ತರಕ್ಕೆ ಇದ್ದ ಗೋಡೆ ಅದು. ಅದೇ ಜಾಗದಲ್ಲಿ, ಮೆಟ್ಟಿಲಿಗೆ ಒತ್ತಿಕೊಂಡು ಈಗ ಕಾರು ನಿಲ್ಲುತ್ತಿತ್ತು.

ಒಂದು ದಿನ ಬಟ್ಟೆ ಆಡಿಸುವಾಗ ಅವನ ಕೈ ನಿಂತಿತು. ಕಾರಿನ ಬದಿಯಲ್ಲಿ ತೆಳ್ಳಗೆ ಹಳದಿ ಗುರುತು. ಹಿಂದಿನ ದೀಪದಿಂದ ಮುಂದಿನ ದೀಪದವರೆಗೆ ಅಲ್ಲಲ್ಲಿ ಒರೆಸಿದ ಹಾಗೆ, ಅಲ್ಲಲ್ಲಿ ಉಳಿದ ಹಾಗೆ. ಒರೆಸಿದ. ಮಾರನೆಯ ದಿನ ನೋಡಿದರೆ ಮತ್ತೆ ಅಲ್ಲೇ. ಒರೆಸಿದ. ಅದರ ಮಾರನೆಯ ದಿನವೂ ಅಲ್ಲೇ.

ಈಗ ಅವನಿಗೆ ಕುತೂಹಲ ಹತ್ತಿತು. ಪಕ್ಕದ ಮನೆಯ ಮರದ ಹೂವಿನ ಪುಡಿಯೇ? ಹೂವಿನ ಪುಡಿ ಮೇಲಿಂದ ಬಿದ್ದರೆ ಛಾವಣಿಯ ಮೇಲೆ ಇರಬೇಕು, ಬದಿಯಲ್ಲಿ ಒಂದೇ ಗೆರೆಯಾಗಿ ಯಾಕೆ ಬರುತ್ತದೆ? ಬೆಕ್ಕೇ? ಯಾವ ಬೆಕ್ಕು ಕಾರಿನ ಬಾಗಿಲ ಹಿಡಿಯ ಎತ್ತರದಲ್ಲಿ ನಡೆಯುತ್ತದೆ? ಹಾಲಿನವನನ್ನು ತಡೆದು ಕೇಳಿದ.

"ನಾನು ಗೇಟಿನ ಹೊರಗೇ ಪ್ಯಾಕೆಟ್ ಇಟ್ಟು ಹೋಗೋನು ಸಾರ್, ನಿಮ್ಮ ಗಾಡಿ ತಂಟೆ ನನಗ್ಯಾಕೆ?" ಅಂದ ಹಾಲಿನವನು.

ಹೆಂಡತಿಯ ಮುಂದೆ ದೂರಿದ. ಅವಳು ತಲೆ ಎತ್ತದೆ, "ಒರೆಸಿದ್ರೆ ಹೋಗುತ್ತಲ್ಲ, ಬಿಡೀಂದ್ರೆ" ಅಂದಳು.

ಬಿಡುವ ಆಸಾಮಿಯೇ ಅವನು? ಒಂದು ಉಪಾಯ ಮಾಡಿದ. ಸಂಜೆ ಕಾರನ್ನು ಮೆಟ್ಟಿಲ ಪಕ್ಕದಿಂದ ತೆಗೆದು ಅಂಗಳದ ಆಚೆ ಬದಿಗೆ ನಿಲ್ಲಿಸಿದ. ಯಾರೋ ಬೇಕೆಂದೇ ಮುಟ್ಟುವವರಾದರೆ ಅಲ್ಲಿಗೂ ಬರಲೇಬೇಕಲ್ಲ. ಬೆಳಗಾಗುವ ಹೊತ್ತಿಗೆ ಎದ್ದು ಕಿಟಕಿಯ ಪರದೆ ಸರಿಸಿ ನಿಂತ. ಕಳ್ಳನನ್ನು ಹಿಡಿಯುವ ಉತ್ಸಾಹ.

ಬಾಗಿಲು ತೆರೆಯಿತು. ಬಂದವಳು ಹೆಂಡತಿ. ದಿನದ ಹಾಗೆ ಹೊಸಿಲು ತೊಳೆದಳು, ಬೆರಳಲ್ಲಿ ಅರಿಶಿನ ತೆಗೆದು ಹೊಸಿಲಿಗೆ ಹಚ್ಚಿದಳು. ಗೇಟಿನ ಮುಂದೆ ರಂಗೋಲಿ ಹಾಕಲು ಪುಡಿಯ ಬಟ್ಟಲು ಎಡಗೈಯಲ್ಲಿ ಹಿಡಿದು ಬಲಗೈ ಚಾಚಿದಳು. ಆ ಕೈಗೆ ಏನೂ ಸಿಗಲಿಲ್ಲ. ಇನ್ನಷ್ಟು ಚಾಚಿದಳು. ಗಾಳಿಯಲ್ಲಿ ತಡಕಾಡಿದಳು. ಹಾಗೆಯೇ ಒಂದು ಮೆಟ್ಟಿಲು ಇಳಿದಳು. ಎರಡನೆಯ ಮೆಟ್ಟಿಲಿಗೆ ಇಟ್ಟ ಕಾಲು ಅಂಚಿನ ಮೇಲೆ ಬಿತ್ತು.

ಅವನು ಹೇಗೆ ಓಡಿದನೋ ಅವನಿಗೇ ಗೊತ್ತಿಲ್ಲ. ರಂಗೋಲಿ ಬಟ್ಟಲು ಉರುಳಿತು. ಹೆಂಡತಿ ಅವನ ತೋಳಿಗೆ ಬಿದ್ದಳು.

"ಗಾಡಿ ಎಲ್ಲಿ ಹೋಯ್ತು ರೀ?" ಅಂದಳು ಅವಳು.

ಕಾರು ಅಲ್ಲೇ, ಇಪ್ಪತ್ತು ಹೆಜ್ಜೆ ಆಚೆ, ಅವಳ ಎದುರಿಗೇ ನಿಂತಿತ್ತು.

"ನಿನಗೆ ಕಾಣಿಸ್ತಿಲ್ವಾ?"

"ಮಂಜು ಮಂಜು. ಮುಂಚೆ ಗೋಡೆ ಹಿಡ್ಕೊಂಡು ಇಳೀತಿದ್ದೆ. ಆಮೇಲೆ ನಿಮ್ಮ ಗಾಡಿ ಹಿಡ್ಕೊಂಡು ಹೋಗ್ತಿದ್ದೆ. ಅರಿಶಿನ ಅಂಟಿದ್ರೆ ನಿಮಗೆ ಬೇಜಾರಾಗುತ್ತೆ ಅಂತ ಬರುವಾಗ ಸೆರಗಲ್ಲಿ ಒರೆಸ್ತಿದ್ದೆ. ಎಲ್ಲಿ ಉಳೀತೋ ಕಾಣ್ತಿರಲಿಲ್ಲ."

"ಎಷ್ಟು ದಿನ ಆಯ್ತು?"

"ಯುಗಾದಿಗೂ ಮುಂಚಿನಿಂದ."

"ಒಂದು ಮಾತು ಹೇಳಬಾರದಿತ್ತೇನೇ?"

"ಹೇಳೋಣ ಅಂತ ಎಷ್ಟೋ ಸಲ ಬಂದೆ. ನೀವು ಗಾಡಿ ತೊಳೀತಿದ್ರಿ."

ಅವನು ಗೇಟಿನ ಕಡೆ ನೋಡಿದ. ಹಿಂದಿನ ದಿನದ ರಂಗೋಲಿ ಅಲ್ಲೇ ಇತ್ತು. ಇಪ್ಪತ್ತೊಂದು ಚುಕ್ಕಿಯ ರಂಗೋಲಿ ಹಾಕುತ್ತಿದ್ದವಳು ಎರಡು ಸೊಟ್ಟ ಗೆರೆ ಎಳೆದಿದ್ದಳು. ಎಷ್ಟು ತಿಂಗಳಿಂದ ಅದನ್ನು ದಾಟಿಕೊಂಡು ಓಡಾಡಿದ್ದನೋ. ಕೂದಲೆಳೆಯಷ್ಟು ಗೀರು ಕಾಣುವ ಕಣ್ಣಿಗೆ ಹೆಂಡತಿಯ ಕಣ್ಣಿನ ಪೊರೆ ಕಂಡಿರಲಿಲ್ಲ. ಅವನಿಗೆ ನಾಚಿಕೆಯಾಯಿತು, ಅಳುವೂ ಬಂತು. ಆ ದಿನ ಕಾರು ತೊಳೆಸಿಕೊಳ್ಳದೆಯೇ ಹೊರಟಿತು, ಕಣ್ಣಿನ ಆಸ್ಪತ್ರೆಗೆ. ಶಸ್ತ್ರಚಿಕಿತ್ಸೆ ಆಗುವವರೆಗೆ ಅದು ಮೆಟ್ಟಿಲ ಪಕ್ಕದಲ್ಲೇ ನಿಲ್ಲುತ್ತಿತ್ತು. ಹಳದಿ ಗುರುತು ಬೀಳುತ್ತಿತ್ತು, ಅವನು ಒರೆಸುತ್ತಿರಲಿಲ್ಲ.

ನಗಬೇಡಿ ಅವನನ್ನು. ಕಾರು ಇಲ್ಲದವರು ಈ ಕಥೆ ನಮಗಲ್ಲ ಅಂತ ಆರಾಮಾಗಿ ಕೂರಲೂ ಬೇಡಿ. ನಿಮ್ಮಲ್ಲಿ ಕೆಲವರಿಗೆ ಅಂಗಡಿಯ ಗಲ್ಲಾಪೆಟ್ಟಿಗೆಯ ಮೇಲೆ ಧೂಳು ಕೂತರೆ ಕಾಣುತ್ತದೆ. ಫೋನಿನ ಗಾಜಿನ ಮೇಲೆ ಕೂದಲು ಬಿದ್ದರೆ ಕಾಣುತ್ತದೆ. ತಾಯಂದಿರೇ, ನಿಮಗೆ ಸ್ಟೀಲು ಡಬ್ಬಿಯ ಮೇಲಿನ ಬೆರಳಚ್ಚು ಕಾಣುತ್ತದೆ. ಮನೆಯವರು ಗೋಡೆ ಹಿಡಿದು ನಡೆಯುತ್ತಿರುವುದು ಕಾಣುತ್ತದೆಯೇ? ಊಟ ಅರ್ಧಕ್ಕೆ ಬಿಡುತ್ತಿರುವುದು? ಎರಡು ಸಲ ಕರೆದರೂ ಓಗೊಡದೆ ಇರುವುದು?

ಇವತ್ತು ನಾನು ನಿಮ್ಮನ್ನು ಜಪ ಮಾಡಿ, ಉಪವಾಸ ಮಾಡಿ ಅನ್ನುವುದಿಲ್ಲ. ಮನೆಯಲ್ಲಿ ಒಂದು ಕಲೆ ಕಂಡರೆ ಒರೆಸುವ ಮುಂಚೆ ಇದು ಯಾರ ಕೈಯದು, ಯಾಕೆ ಇಲ್ಲಿ ಬಿತ್ತು ಅಂತ ಕೇಳಿ. ನಾಳೆ ಬೆಳಿಗ್ಗೆ ಬಕೆಟ್ಟಿಗೆ ನೀರು ಹಿಡಿಯುವ ಮೊದಲು ಮನೆಯವರ ಎದುರಿಗೆ ಕೂತು, ಅವರ ಮುಖ ನೋಡಿ, "ಹೇಗಿದೀಯ" ಅಂತ ಕೇಳಿ, ಉತ್ತರ ಬರುವ ತನಕ ಎದ್ದು ಹೋಗಬೇಡಿ. ಕಾರು ಮಧ್ಯಾಹ್ನ ತೊಳೆದರೂ ಆಗುತ್ತದೆ.